ಕೂರ್ಚೋ ನಾಯನಾ: ಮಲ್ಲಯ್ಯನ ದಾರಿಯಲ್ಲಿ ನಮ್ಮಣ್ಣ

ನಮ್ಮಣ್ಣ ಎರಡು ವರ್ಷ ಯಾರ ಮನೆಯಲ್ಲೂ ಊಟ ಮಾಡಿರಲಿಲ್ಲ. ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ, ಆಯೇರಿ ಮಾಡಿ, ಪಂಕ್ತಿ ಕೂರುವಷ್ಟರಲ್ಲಿ ಬೈಕ್ ಹತ್ತಿ ಮನೆಗೆ ಬಂದುಬಿಡುತ್ತಿದ್ದ. ಆಮೇಲೆ ಮದುವೆಗೆ ಹೋಗುವುದನ್ನೇ ಬಿಟ್ಟ. ಕೊನೆಗೆ ಮಗಳನ್ನು ಕೊಟ್ಟ ಊರಿಗೂ ಹೋಗುವುದನ್ನು ಬಿಟ್ಟ. ಕೇಳಿದರೆ "ಹೊಲದಾಗ ಕೆಲಸ ಐತಿ" ಅನ್ನುತ್ತಿದ್ದ. ಹೊಲದಲ್ಲಿ ಕೆಲಸ ಇರಲಿಲ್ಲ.

2024ರ ಯುಗಾದಿಗೆ ಅವನು ನಮ್ಮೂರಿನ ಪಾದಯಾತ್ರೆಯ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದ. ನಾನೂ ಜೊತೆಗಿದ್ದೆ. ಹದಿಮೂರು ದಿನ, ಸುಮಾರು 350 ಕಿಲೋಮೀಟರ್. ದಾರಿಯಲ್ಲಿ ಅವನಿಗೆ ಏನಾಯಿತು, ವಾಪಸ್ ಬಂದ ಮೇಲೆ ಅದರಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಅನ್ನುವುದನ್ನು ಪೂರ್ತಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಊರಿನ ಹೆಸರು ಬ್ಯಾಡ, ಉಳಿದದ್ದು ಬರಿ" ಅಂದ.

ಮೊದಲು ಏನಾಗಿತ್ತು

ನಮ್ಮದು ಬಾಗಲಕೋಟೆ ಜಿಲ್ಲೆ, ಹುನಗುಂದದ ಕಡೆ. ಕೂಡಲಸಂಗಮ ದೂರವಿಲ್ಲ. ಅಣ್ಣನಿಗೆ ಆಗ 51 ವರ್ಷ. ನಾಲ್ಕು ಎಕರೆ ದಾಳಿಂಬೆ ಹಚ್ಚಿದ್ದ. ಕೆಲವು ವರ್ಷ ಬಂಗಾರದಂಥ ಬೆಳೆ ಬಂತು. ಆಗ ಅವನು ಊರಿಗೆಲ್ಲ ಕೊಡುವ ಮನುಷ್ಯ. ಯಾರದೋ ಮಗನ ಕಾಲೇಜ್ ಫೀಸು, ಯಾರದೋ ಆಸ್ಪತ್ರೆ ಬಿಲ್ಲು, ಯಾರಿಗೋ ಬೀಜ ಗೊಬ್ಬರ. ಲೆಕ್ಕ ಬರೆದಿಟ್ಟದ್ದನ್ನು ನಾನು ನೋಡಿಲ್ಲ.

ಆಮೇಲೆ ಅಂಗಮಾರಿ ಬಂತು. ದಾಳಿಂಬೆ ಬೆಳೆದವರಿಗೆ ಈ ಹೆಸರು ಕೇಳಿದರೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಣ್ಣಿನ ಮೇಲೆ ಎಣ್ಣೆ ಸಿಡಿದಂಥ ಕಪ್ಪು ಚುಕ್ಕೆ ಬೀಳುತ್ತದೆ, ಅದು ದೊಡ್ಡದಾಗುತ್ತದೆ, ಸಿಪ್ಪೆ ಸೀಳುತ್ತದೆ. ದುಂಡಾಣುವಿನಿಂದ ಬರುವ ರೋಗ. ಮಳೆ, ತೇವ ಇದ್ದರೆ ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬುತ್ತಲೇ ಹೋಗುತ್ತದೆ. ಎಷ್ಟು ಔಷಧಿ ಹೊಡೆದರೂ ಪೂರ್ತಿ ಹೋಗುವುದಿಲ್ಲ. ಎರಡು ಹಂಗಾಮು ಔಷಧಿಗೇ ದುಡ್ಡು ಸುರಿದ. 2022ರಲ್ಲಿ ಜೆಸಿಬಿ ತರಿಸಿ ನಾಲ್ಕೂ ಎಕರೆ ಕೀಳಿಸಿ ಸುಟ್ಟ. ಮರುವರ್ಷ ತೊಗರಿ ಹಾಕಿದ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆಯಿತು. ನಮ್ಮದೂ ಅದರಲ್ಲಿತ್ತು. ತೊಗರಿ ಮೊಣಕಾಲುದ್ದ ಬೆಳೆದು ಒಣಗಿತು.

ಸಾಲ ಆಗಿದೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ. ಕೊಟ್ಟವರಲ್ಲಿ ಮೂವರು ನೆಂಟರು. ಅವರು ಇರುವ ಕಡೆ ಕೂತು ಉಣ್ಣಲು ಅವನಿಗೆ ಆಗುತ್ತಿರಲಿಲ್ಲ. ಮಗಳ ಮನೆಗೆ ಬರಿಗೈಯಲ್ಲಿ ಹೋಗಲೂ ಆಗುತ್ತಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ದೀಪಾವಳಿಯ ದಿನ ಎಲ್ಲರೂ ಕೂತಿದ್ದಾಗ ಐವತ್ತು ಸಾವಿರದ ಒಂದು ಕವರನ್ನು ಅವನ ಕೈಗಿಟ್ಟೆ. ಪ್ರೀತಿಯಿಂದಲೇ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, ದೇವರ ಮಾಡದಲ್ಲಿಟ್ಟು, ಎದ್ದು ಹೊರಗೆ ಹೋದ. ಕವರು ಒಂದು ವಾರ ಅಲ್ಲೇ ಇತ್ತು. ಕೊನೆಗೆ ನಾನೇ ತೆಗೆದುಕೊಂಡೆ. ಎಲ್ಲರ ಕಣ್ಣಮುಂದೆ ತಮ್ಮನ ಕೈಯಿಂದ ದುಡ್ಡು ತಗೊಳ್ಳುವುದು ಅವನಿಗೆ ಎಂಥ ಕಷ್ಟ ಅಂತ ಆಗ ನನಗೆ ಹೊಳೆಯಲಿಲ್ಲ.

ಅವ್ವನ ಮಾತು

ಹೋಗು ಅಂದವಳು ಅವ್ವ. ಅವಳು ತನ್ನ ಕಾಲದಲ್ಲಿ ನಾಲ್ಕು ಸಲ ಮಲ್ಲಯ್ಯನ ಕಡೆಗೆ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ ಕಡೆಗೆ, ನಡೆದವಳು. ನಮ್ಮ ಕಡೆ ಶ್ರೀಶೈಲಕ್ಕೆ ಹೋಗುವುದು ಅಂದರೆ ಬರೀ ದರ್ಶನವಲ್ಲ. ಅಲ್ಲಿಯ ದೇವಿ ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರೆಲ್ಲ ಹಾಗೇ ನಂಬಿ ನಡೆಯುತ್ತಾರೆ. ಹೊಸ ವರ್ಷದ ಹಬ್ಬಕ್ಕೆ ತವರಿನವರು ಮಗಳಿಗೆ ಸೀರೆ, ಬಳೆ, ಅರಿಸಿನ ಕುಂಕುಮ ಒಯ್ಯಬೇಕಲ್ಲ, ಹಾಗೆ.

ಅವ್ವ ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂದು ಡಜನ್ ಹಸಿರು ಬಳೆ ಕಟ್ಟಿಟ್ಟು ಅಣ್ಣನ ಕೈಗೆ ಕೊಟ್ಟಳು. "ನನ್ನ ಕಾಲು ನಡಿಯಂಗಿಲ್ಲ. ನೀ ಹೋಗಿ ಮಗಳಿಗೆ ಉಡಿ ತುಂಬಿ ಬಾ" ಅಂದಳು. ಅವ್ವನಿಗೆ ಅವನು ಯಾವತ್ತೂ ಇಲ್ಲ ಅಂದವನಲ್ಲ. ಸ್ವಂತ ಮಗಳ ಮನೆಗೆ ಹೋಗಲಾಗದವನ ಕೈಗೆ ಅವಳು ಬೇಕಂತಲೇ ಈ ಗಂಟು ಕೊಟ್ಟಳು ಅಂತ ನನಗೆ ಆಮೇಲೆ ಅನ್ನಿಸಿತು. ಅವಳನ್ನು ಕೇಳಿದೆ. ಅವಳು ಏನೂ ಹೇಳಲಿಲ್ಲ.

ಅವನದು ಎರಡು ಷರತ್ತು. ಊಟ ತಾನೇ ಒಯ್ಯುತ್ತೇನೆ. ಬರಿಗಾಲಲ್ಲಿ ನಡೆಯುತ್ತೇನೆ. ಚಪ್ಪಲಿ ಹಾಕಿಕೊಂಡರೆ ಮಲ್ಲಯ್ಯ ಬೇಡ ಅನ್ನುವುದಿಲ್ಲ ಅಂತ ಅವ್ವನೇ ಹೇಳಿದರೂ ಕೇಳಲಿಲ್ಲ.

ನಾನು ಹೊರಡುವ ಮೂರು ವಾರ ಮುಂಚಿನಿಂದ ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ನಡೆದು ರೂಢಿ ಮಾಡಿಕೊಂಡಿದ್ದೆ. ಅಣ್ಣ ಏನೂ ಮಾಡಲಿಲ್ಲ. ಇಂಥ ಯಾತ್ರೆಗೆ ಹೋಗುವವರು ಇದನ್ನು ಹಗುರವಾಗಿ ತಗೋಬೇಡಿ. ಹೊಲದಲ್ಲಿ ದುಡಿದ ಕಾಲೇ ಬೇರೆ, ದಿನಾ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಡಾಂಬರಿನ ಮೇಲೆ ನಡೆಯುವ ಕಾಲೇ ಬೇರೆ.

ದಾರಿ

ಹೋಳಿ ಹುಣ್ಣಿಮೆಯ ಮರುದಿನ, ಮಾರ್ಚ್ 26ಕ್ಕೆ ಹೊರಟೆವು. ಇಪ್ಪತ್ತಮೂರು ಜನ, ಹಾಸಿಗೆ ಸಾಮಾನಿಗೆ ಒಂದು ಟ್ರ್ಯಾಕ್ಟರ್, ಮುಂದೆ ಕಂಬಿ. ನೋಡದವರಿಗೆ ಹೇಳುತ್ತೇನೆ: ಕಂಬಿ ಅಂದರೆ ಹೆಗಲ ಮೇಲೆ ಹೊರುವ ಅಡ್ಡೆ. ಬಟ್ಟೆ, ಗೆಜ್ಜೆ, ಹೂವು ಕಟ್ಟಿ ಸಿಂಗರಿಸಿರುತ್ತಾರೆ. ನಮ್ಮೂರ ಪದ್ಧತಿಯಲ್ಲಿ ಅದನ್ನು ದಾರಿಯಲ್ಲಿ ನೆಲಕ್ಕೆ ತಾಗಿಸುವಂತಿಲ್ಲ. ಒಬ್ಬರಿಗೆ ದಣಿವಾದರೆ ಇನ್ನೊಬ್ಬರು ಹೆಗಲು ಕೊಡಬೇಕು. ಅದರ ಜವಾಬ್ದಾರಿ ಎಪ್ಪತ್ತು ದಾಟಿದ ಒಬ್ಬ ಹಿರಿಯರದು. ಅವರನ್ನು ಎಲ್ಲರೂ ಕಂಬಿ ಅಜ್ಜ ಅಂತಲೇ ಕರೆಯುತ್ತಿದ್ದೆವು.

ಬೆಳಗಿನ ಜಾವ ಮೂರಕ್ಕೆ ಎದ್ದು ನಡೆಯುವುದು. ಹತ್ತು ಗಂಟೆಗೆ ಎಲ್ಲಾದರೂ ನೆರಳಿಗೆ ಬೀಳುವುದು. ಸಂಜೆ ನಾಲ್ಕಕ್ಕೆ ಮತ್ತೆ ಎದ್ದು ರಾತ್ರಿ ಒಂಬತ್ತರ ತನಕ. ಮುದಗಲ್ಲು, ಲಿಂಗಸುಗೂರು, ಕವಿತಾಳ, ಸಿರವಾರ, ರಾಯಚೂರು. ದಾರಿಯಲ್ಲಿ ನಮ್ಮಂಥ ಗುಂಪುಗಳು ಎಷ್ಟೋ. ಮರಗಾಲು ಕಟ್ಟಿಕೊಂಡು ನಡೆಯುವವರಿದ್ದರು. ಕೂಸನ್ನು ಸೊಂಟದಲ್ಲಿಟ್ಟುಕೊಂಡ ಹೆಣ್ಣುಮಕ್ಕಳಿದ್ದರು.

ಆ ದಾರಿಯ ದೊಡ್ಡ ಸಂಗತಿ ದಾಸೋಹ. ನಡೆದವರಿಗೆ ಗೊತ್ತು, ಕಿಸೆಯಲ್ಲಿ ಒಂದು ರೂಪಾಯಿ ಇಲ್ಲದೆ ಶ್ರೀಶೈಲ ಮುಟ್ಟಬಹುದು. ಊರೂರಿನ ಬಾಯಿಗೆ ಶಾಮಿಯಾನ. ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು, ಉಪ್ಪಿಟ್ಟು, ರೊಟ್ಟಿ ಪಲ್ಲೆ, ಗೋಧಿ ಹುಗ್ಗಿ. ಕೆಲವರು ಬೈಕ್ ಮೇಲೆ ನೀರಿನ ಕ್ಯಾನ್ ಇಟ್ಟುಕೊಂಡು ಬಂದು ದಾರಿಯಲ್ಲೇ ಲೋಟ ಹಿಡಿಯುತ್ತಾರೆ. ಕುಡಿಯದೆ ಹೋದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಅಣ್ಣ ಕುಡಿಯಲಿಲ್ಲ. ಅವನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇತ್ತು. ನಾವು ಪಂಕ್ತಿಯಲ್ಲಿ ಕೂತರೆ ಅವನು ಬೇವಿನ ಮರದ ಬುಡಕ್ಕೆ ಹೋಗಿ ರೊಟ್ಟಿ ಮುರಿಯುತ್ತಿದ್ದ. ತೀರಾ ಒತ್ತಾಯ ಮಾಡಿ ಯಾರಾದರೂ ಚಹಾ ಕೊಟ್ಟರೆ ಕುಡಿದು ಹತ್ತು ರೂಪಾಯಿ ನೋಟು ಅಲ್ಲೇ ಇಟ್ಟು ಬರುತ್ತಿದ್ದ. ಸಿರವಾರದ ಹತ್ತಿರ ಹತ್ತು ವರ್ಷದ ಒಬ್ಬ ಹುಡುಗ ಆ ನೋಟು ಹಿಡಿದುಕೊಂಡು ಅರ್ಧ ಫರ್ಲಾಂಗು ಓಡಿ ಬಂದ. "ಯಜಮಾನ್ರೇ, ನಿಮ್ಮ ರೊಕ್ಕ ಬಿಟ್ಟು ಬಂದೀರಿ" ಅಂದ. ಮರೆತು ಬಿಟ್ಟದ್ದು ಅಂತಲೇ ಅವನು ತಿಳಿದಿದ್ದ. ಅಣ್ಣ ನೋಟು ತಗೊಂಡ. ಕಂಬಿ ಅಜ್ಜ ನೋಡುತ್ತಿದ್ದರು. ಸ್ವಲ್ಪ ದೂರ ನಡೆದ ಮೇಲೆ ಸಣ್ಣ ದನಿಯಲ್ಲಿ ಅಂದರು: "ರೊಕ್ಕ ಇಟ್ಟರ ಅವರ ಟೆಂಟ್ ಹೋಟೆಲ್ ಆಕ್ಕೈತೋ ತಮ್ಮಾ."

ಮೂರನೇ ದಿನಕ್ಕೇ ಅವನ ಅಂಗಾಲಲ್ಲಿ ಗುಳ್ಳೆ ಎದ್ದಿದ್ದವು. ಹೇಳಲಿಲ್ಲ. ರಾಯಚೂರು ಮುಟ್ಟುವಾಗ ಹಿಮ್ಮಡಿ ಊರದೆ ನಡೆಯುತ್ತಿದ್ದ. ತುಂಗಭದ್ರೆ ದಾಟಿ ಕರ್ನೂಲಿಗೆ ಬಂದಾಗ ಒಂದು ಗುಳ್ಳೆ ಒಡೆದು ಅದರಲ್ಲಿ ಮಣ್ಣು ಸೇರಿತ್ತು. ಇನ್ನೇನು ಜ್ವರ ಬರುತ್ತದೆ, ಬಸ್ ಹತ್ತಿಸಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟೊತ್ತಿಗೆ ಅವನ ರೊಟ್ಟಿಯೂ ಮುಗಿದಿತ್ತು. ಒಂದು ದಿನ ಪೂರ್ತಿ ಬಾಳೆಹಣ್ಣು ಕೊಂಡು ತಿಂದು ನಡೆದ.

ನಂದಿಕೊಟ್ಕೂರು ದಾಟಿದ ಮೇಲೆ

ಹತ್ತನೇ ದಿನ, ಏಪ್ರಿಲ್ 4, ಸಂಜೆ. ನಂದಿಕೊಟ್ಕೂರು ದಾಟಿ ಆತ್ಮಕೂರಿನ ಕಡೆ ಹೊರಟಿದ್ದೆವು. ರಸ್ತೆ ಪಕ್ಕ ಒಂದು ಸಣ್ಣ ಟೆಂಟ್. ದೊಡ್ಡ ದಾಸೋಹವೇನಲ್ಲ, ಒಂದೇ ಮನೆಯವರು ಹಾಕಿದ್ದು. ಒಂದು ಕಡಾಯಿಯಲ್ಲಿ ಚಿತ್ರಾನ್ನ. ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮುಂದೆ ಅರವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬೋಗುಣಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಬಂದವರ ಕಾಲಿಗೆ ಬಿಸಿನೀರು, ಎಣ್ಣೆ.

ಅಣ್ಣ ಕುಂಟುತ್ತಾ ಹಾದು ಹೋಗುತ್ತಿದ್ದ. ಅವಳು ಅವನ ಮುಖ ನೋಡಲೇ ಇಲ್ಲ. ಕಾಲು ನೋಡಿ ಕರೆದಳು: "ಕೂರ್ಚೋ ನಾಯನಾ." ಕೂತ್ಕೋಪ್ಪ ಅಂತ.

ಅವನು ಬೇಡ ಅಂತ ಕೈ ಮಾಡಿದ. ಅವಳು ಮತ್ತೆ ಅಂದಳು. ಅವನು ಕೈ ಮುಗಿದು ಕನ್ನಡದಲ್ಲಿ "ನಿಮ್ಮ ಕೈಲಿ ಕಾಲು ಮುಟ್ಟಿಸಿಕೊಳ್ಳಾಕ ಒಲ್ಲೆವ್ವಾ, ನೀವು ಹಿರೇರು" ಅಂದ. ಅವಳಿಗೆ ಅರ್ಥ ಆಯಿತು. ಆ ಸೀಮೆಯಲ್ಲಿ ಎರಡೂ ಭಾಷೆ ಕಿವಿಗೆ ಬಿದ್ದಿರುತ್ತದೆ. ಅವಳು ತೆಲುಗಿನಲ್ಲೇ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: "ನೀ ಕಾಲು ಕಾದು ನಾಯನಾ, ಮಲ್ಲನ್ನ ಕಾಲು." ನಿನ್ನ ಕಾಲಲ್ಲಪ್ಪ, ಮಲ್ಲಯ್ಯನ ಕಾಲು.

ಅವನು ಕೂತ.

ಅವಳು ಬಲಗಾಲನ್ನು ಬೋಗುಣಿಯಲ್ಲಿ ಇಟ್ಟುಕೊಂಡಳು. ನೀರಿಗೆ ಉಪ್ಪು, ಅರಿಸಿನ ಹಾಕಿದ್ದಳು. ಮೊದಲು ಬೆರಳ ಸಂದಿನ ಮಣ್ಣು ತೊಳೆದಳು. ಆಮೇಲೆ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ದೀಪದಲ್ಲಿ ಕಾಯಿಸಿ, ಬಿಳಿ ದಾರ ಪೋಣಿಸಿದಳು. ಒಡೆಯದ ಗುಳ್ಳೆಯ ಒಂದು ಬದಿಯಿಂದ ಸೂಜಿ ಹಾಕಿ ಇನ್ನೊಂದು ಬದಿಗೆ ತೆಗೆದು, ದಾರವನ್ನು ಗುಳ್ಳೆಯೊಳಗೇ ಬಿಟ್ಟು ಎರಡೂ ತುದಿ ಕತ್ತರಿಸಿದಳು. ದಾರದ ತುದಿಯಿಂದ ನೀರು ಹನಿಹನಿಯಾಗಿ ಇಳಿಯಿತು. ಚರ್ಮ ಕೀಳಲಿಲ್ಲ. ಒಡೆದ ಗುಳ್ಳೆಯನ್ನು ಒರೆಸಿ ಔಷಧಿ ಹಚ್ಚಿ ಬಟ್ಟೆ ಸುತ್ತಿದಳು. ಕೊನೆಗೆ ಹರಳೆಣ್ಣೆ. ಹಿಮ್ಮಡಿಯಿಂದ ಮೀನಖಂಡದ ತನಕ ಹೆಬ್ಬೆರಳಿಂದ ಒತ್ತುತ್ತಾ ಹೋದಳು. ಅಷ್ಟು ಹೊತ್ತೂ ಪಕ್ಕದವಳ ಜೊತೆ ಮೆಣಸಿನಕಾಯಿ ರೇಟಿನ ಬಗ್ಗೆ ಮಾತಾಡುತ್ತಿದ್ದಳು.

ಅಣ್ಣನಿಗೆ ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಒಮ್ಮೆ ಕಿಸೆಗೆ ಹೋಯಿತು. ನೋಟು ಹೊರಗೆ ಬಂತು. ಮತ್ತೆ ಒಳಗೆ ಹೋಯಿತು. ಎಡಗಾಲು ತೊಳೆಯುವಾಗ ಅವನ ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಅಂಗೈ ಮೇಲಾಗಿ. ಆಮೇಲೆ ಚಿತ್ರಾನ್ನ ಕೊಟ್ಟರು. ತಿಂದ. ಮತ್ತೆ ಕೇಳಿದರು. ಮತ್ತೆ ಹಾಕಿಸಿಕೊಂಡ.

ಈ ಪ್ರಕರಣದಲ್ಲಿ ಏನಾದರೂ ತಿರುವು ಇದ್ದರೆ ಅದು ಈ ಮುಕ್ಕಾಲು ಗಂಟೆ. ಕಷ್ಟಪಟ್ಟು ನಡೆದರೆ ಮನಸ್ಸು ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಣ್ಣನ ಮನಸ್ಸು ಮೊದಲೇ ಗಟ್ಟಿ ಇತ್ತು, ಜಾಸ್ತಿಯೇ ಇತ್ತು. ಒಂಬತ್ತು ದಿನ ಬರಿಗಾಲಲ್ಲಿ, ಕೀವು ತುಂಬಿದ ಕಾಲಲ್ಲಿ, ಯಾರಿಂದಲೂ ಏನೂ ತಗೊಳ್ಳದೆ ನಡೆದು ಅವನು ಇನ್ನಷ್ಟು ಗಟ್ಟಿಯಾಗುತ್ತಿದ್ದ. ಕಷ್ಟ ಅವನನ್ನು ಬದಲಿಸಲಿಲ್ಲ. ಬದಲಿಸಿದ್ದು, ಇನ್ನು ಬೇಡ ಅನ್ನಲು ಶಕ್ತಿ ಇಲ್ಲದ ಹೊತ್ತಿಗೆ ಬಂದ ಆ ಬೋಗುಣಿ.

ಮತ್ತೆ ಆ ಮಾತು. ಅವಳು ಅವನಿಗೆ ಅಂತ ಮಾಡುತ್ತಿರಲಿಲ್ಲ. ಅವನು ಸಾಲಗಾರನೋ ಸಾಹುಕಾರನೋ ಅವಳಿಗೆ ಬೇಕಿರಲಿಲ್ಲ. ಹಾಗಾಗಿ ಅವನ ಮೇಲೆ ಅವಳ ಹಂಗು ಬೀಳಲಿಲ್ಲ. ನಾನು ಕೊಟ್ಟ ಕವರಿನಲ್ಲಿ ದುಡ್ಡಿನ ಜೊತೆ ಹಂಗೂ ಇತ್ತು. ನಮ್ಮ ಶರಣರು ಕಾಯಕ, ದಾಸೋಹ ಅಂತ ಎರಡು ಮಾತು ಹೇಳಿದ್ದಾರೆ. ಅವರ ನೆಲದಲ್ಲೇ ಹುಟ್ಟಿದ ನಮ್ಮಣ್ಣನಿಗೆ ಕಾಯಕ ಪೂರ್ತಿ ಗೊತ್ತಿತ್ತು. ದಾಸೋಹ ಅರ್ಧ ಗೊತ್ತಿತ್ತು, ಕೊಡುವ ಅರ್ಧ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಇದೇ ಶ್ರೀಶೈಲದ ಕದಳಿಗೆ ಹೋದ ಅಕ್ಕಮಹಾದೇವಿ ಏನು ಕಟ್ಟಿಕೊಂಡು ಹೋದಳು? ಊರಲ್ಲಿ ಕೊಟ್ಟದ್ದನ್ನು ಉಂಡೇ ನಡೆದಳಲ್ಲ.

ಕಾಡು

ಆತ್ಮಕೂರು ಆದ ಮೇಲೆ ವೆಂಕಟಾಪುರ. ಅಲ್ಲಿಗೆ ಡಾಂಬರು ಮುಗಿಯಿತು. ಮುಂದೆ ನಲ್ಲಮಲ ಕಾಡು. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದು. ಜಾತ್ರೆಯ ಕೆಲವೇ ದಿನ ಈ ಕಾಲುದಾರಿಯಲ್ಲಿ ಯಾತ್ರಿಕರನ್ನು ಬಿಡುತ್ತಾರೆ. ಅಲ್ಲಿ ಚೆಂಚು ಜನ ಇದ್ದಾರೆ. ಅವರಿಗೂ ಮಲ್ಲಯ್ಯ ಅಳಿಯನೇ. ತಮ್ಮ ಹುಡುಗಿಯನ್ನು ಮದುವೆಯಾದ ಅನ್ನುತ್ತಾರೆ, ಚೆಂಚು ಮಲ್ಲಯ್ಯ ಅಂತಲೇ ಕರೆಯುತ್ತಾರೆ.

ಹನ್ನೆರಡನೇ ದಿನ ನಾಗಲೂಟಿ ದಾಟಿ ಪೆಚ್ಚೆರುವಿನಲ್ಲಿ ರಾತ್ರಿ. ದೊಡ್ಡ ಕೆರೆ ಅನ್ನುವ ಹೆಸರಿನ ಜಾಗ. ಫೋನಿಗೆ ಸಿಗ್ನಲ್ ಇಲ್ಲ. ಸಾವಿರಾರು ಜನ ನೆಲದ ಮೇಲೆ ಮಲಗಿದ್ದರು. ನಮ್ಮ ಪಕ್ಕದಲ್ಲಿ ಸೊಲ್ಲಾಪುರದ ಕಡೆಯ ಒಬ್ಬರು. ಅವರು ಸಿದ್ಧರಾಮನ ಕಥೆ ತೆಗೆದರು. ಸೊನ್ನಲಿಗೆಯ ದನ ಕಾಯುವ ಹುಡುಗ. ಮಲ್ಲಯ್ಯ ಜಂಗಮನಾಗಿ ಬಂದು ಹಸಿವು ಅಂದ. ಹುಡುಗ ನವಣೆ ತೆನೆ ಕೊಟ್ಟ. ತಿಂದವನು ಹೊಟ್ಟೆ ಉರಿ ಅಂದ. ತಂಪಾದದ್ದು ತರಲು ಹುಡುಗ ಮನೆಗೆ ಓಡಿದ. ಬರುವಷ್ಟರಲ್ಲಿ ಮಲ್ಲಯ್ಯ ಇಲ್ಲ. "ಮಲ್ಲಯ್ಯಾ, ಮಲ್ಲಯ್ಯಾ" ಅಂತ ಅಳುತ್ತಾ ಶ್ರೀಶೈಲದ ತನಕ ಹೋದ, ಕಾಣದೆ ಕಮರಿಗೆ ಬೀಳಲು ಹೊರಟ, ಆಗ ಮಲ್ಲಯ್ಯ ಕೈ ಹಿಡಿದ. ಚಿಕ್ಕಂದಿನಿಂದ ಕೇಳಿದ ಕಥೆ. ಆ ರಾತ್ರಿ ನನ್ನ ಕಿವಿಗೆ ಒಂದೇ ಮಾತು ನಿಂತಿತು. ದೇವರೇ ಬಂದು ಬೇಡಿದ, ಹಸಿವು ಅಂದ.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕತ್ತಲಲ್ಲಿ, ಮುಖ ಕಾಣದ ಆ ಸೊಲ್ಲಾಪುರದವರಿಗೆ ಹೇಳಿದ: "ನನಗ ಹನ್ನೊಂದು ಲಕ್ಷ ಸಾಲ ಐತ್ರಿ."

ಬ್ಯಾಂಕಿಂದು ಎಷ್ಟು, ಸೊಸೈಟಿದು ಎಷ್ಟು, ಯಾವ ನೆಂಟರದು ಎಷ್ಟು, ಎಲ್ಲ ಹೇಳಿದ. ಗುರುತಿಲ್ಲದವರ ಮುಂದೆ ಹೇಳುವುದು ಸುಲಭ ಅಲ್ವಾ. ನಾನು ಮಲಗಿದವನ ಹಾಗೆ ಬಿದ್ದಿದ್ದೆ. ಆ ಸಂಖ್ಯೆಯನ್ನು ನಾನು ಕೇಳಿದ್ದು ಅದೇ ಮೊದಲು. ಆ ಮನುಷ್ಯ ಸಮಾಧಾನ ಹೇಳಲಿಲ್ಲ. "ನಂದು ನಾಲ್ಕು ಐತ್ರಿ" ಅಂದರು. ಆಮೇಲೆ ಇಬ್ಬರೂ ಬೋರ್‌ವೆಲ್ ಬಗ್ಗೆ ಮಾತಾಡಿದರು.

ಮರುದಿನ ಭೀಮನಕೊಳ್ಳ. ಇಡೀ ದಾರಿಯಲ್ಲಿ ಅದು ಕಠಿಣ ಜಾಗ. ಎರಡು ಗುಡ್ಡದ ನಡುವೆ ಆಳವಾದ ಕೊಳ್ಳ. ಹಳೇ ಕಾಲದ ಕಲ್ಲಿನ ಮೆಟ್ಟಿಲಲ್ಲಿ ಕೆಳಗಿಳಿದು, ಆಚೆ ಬದಿಯ ಮೆಟ್ಟಿಲು ಹತ್ತಿ ಕೈಲಾಸ ದ್ವಾರ ಮುಟ್ಟಬೇಕು. ಮೆಟ್ಟಿಲು ಒಂದೇ ಸಮ ಇಲ್ಲ. ಒಂದು ಗೇಣುದ್ದ, ಒಂದು ಮೊಣಕಾಲೆತ್ತರ. ಜನ ಕೂತು, ಕಲ್ಲು ಹಿಡಿದು, ಮಲ್ಲಯ್ಯನನ್ನು ಕೂಗಿ ಹತ್ತುತ್ತಾರೆ. ಕಂಬಿ ಆಗ ಅಣ್ಣನ ಹೆಗಲ ಮೇಲಿತ್ತು. ಅವನೇ ಕೇಳಿ ತಗೊಂಡಿದ್ದ. ಅರ್ಧ ಹತ್ತಿದ ಮೇಲೆ ಒಂದು ಎತ್ತರದ ಮೆಟ್ಟಿಲಿನ ಮುಂದೆ ನಿಂತ. ಬಟ್ಟೆ ಸುತ್ತಿದ ಕಾಲು ನಡುಗುತ್ತಿತ್ತು. ಕಂಬಿ ಇಳಿಸುವಂತಿಲ್ಲ. ನಾನು ಎರಡು ಮೆಟ್ಟಿಲು ಮೇಲಿದ್ದೆ. ನಾನಾಗಿ ಕೈ ಚಾಚಲಿಲ್ಲ. ದೀಪಾವಳಿಯಿಂದ ಕಲಿತದ್ದು ಅದೊಂದು.

"ತಮ್ಮಾ" ಅಂದ. "ಕೈ ಕೊಡು."

ಮೇಲೆ

ಶ್ರೀಶೈಲದಲ್ಲಿ ಏನಾಯಿತು ಅಂತ ಬರೆಯಲು ಜಾಸ್ತಿ ಇಲ್ಲ. ಏಪ್ರಿಲ್ 7ರ ಸಂಜೆ ಮುಟ್ಟಿದೆವು. ಸಾಲಿನಲ್ಲಿ ಅನೇಕ ಗಂಟೆ ನಿಂತೆವು. ಮಲ್ಲಿಕಾರ್ಜುನನ ದರ್ಶನ ಕ್ಷಣಮಾತ್ರ. ಅಮ್ಮನ ಗುಡಿಯಲ್ಲಿ ಅಣ್ಣ ಸೀರೆಯ ಗಂಟು ಬಿಚ್ಚಿ ಕೊಟ್ಟ. ಅವ್ವ ಸೀರೆಯ ಮಡಿಕೆಯಲ್ಲಿ ಅವನಿಗೆ ಹೇಳದೆ ಐದು ಶೇಂಗಾ ಉಂಡಿ ಕಟ್ಟಿಟ್ಟಿದ್ದಳು ಅಂತ ಅಲ್ಲೇ ಗೊತ್ತಾದದ್ದು. ಹದಿಮೂರು ದಿನದಲ್ಲಿ ಪುಡಿಯಾಗಿದ್ದವು. ಮಗಳ ಮನೆಗೆ ಹೋಗುವವರು ತಿನ್ನುವುದು ಏನಾದರೂ ಒಯ್ಯಬೇಕಲ್ಲ.

ಯುಗಾದಿಯ ಬೆಳಿಗ್ಗೆ ಪಾತಾಳಗಂಗೆಗೆ ಇಳಿದು ಸ್ನಾನ ಮಾಡಿದೆವು. ಅದು ಕೃಷ್ಣೆ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ನಮ್ಮೂರ ಕಡೆಯಿಂದ ಹರಿಯುವ ಅದೇ ಹೊಳೆ. ಅಣ್ಣ ಎದೆಮಟ್ಟ ನೀರಲ್ಲಿ ನಿಂತು "ನಮ್ಮ ಹೊಳಿ ನಮಗಿಂತ ಮೊದಲ ಬಂದು ನಿಂತೈತಿ ನೋಡು" ಅಂದ.

ಬಂದ ಮೇಲೆ

ಬಸ್ಸಿನಲ್ಲಿ ವಾಪಸ್ ಬಂದೆವು. ಕಂಬಿ ಬಂದ ಮೇಲೆ ಊರಲ್ಲಿ ಐದೇಶಿ, ಅಂದರೆ ಯಾತ್ರೆ ಮುಗಿದ ಮೇಲಿನ ಊಟ, ಆಯಿತು. ಅಣ್ಣ ಪಂಕ್ತಿಯಲ್ಲಿ ಕೂತು ಹುಗ್ಗಿ ಉಂಡ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮುಂದಿನ ತಿಂಗಳು ಅವನು ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ಲಕ್ಷದ ಲೆಕ್ಕ ಬರೆದು ಮೂವರು ನೆಂಟರ ಮನೆಗೂ ಹೋದ. ಯಾವಾಗ ಎಷ್ಟು ಕೊಡಬಲ್ಲೆ ಅಂತ ಹೇಳಿದ. ಇಬ್ಬರು ಒಪ್ಪಿದರು. ಒಬ್ಬರು ನಾಲ್ಕು ಜನರ ಮುಂದೆ "ಮಲ್ಲಯ್ಯನ ಕಡೆ ಹೋಗಿ ಬಂದರ ಸಾಲ ತೀರತೈತೇನು?" ಅಂತ ಕೇಳಿದರು. ಅವತ್ತಿನಿಂದ ಒಂದು ತಿಂಗಳು ಅವನು ಮತ್ತೆ ಹಳೇ ಅಣ್ಣನೇ ಆದ. ಯಾರ ಮನೆಗೂ ಹೋಗಲಿಲ್ಲ, ನನ್ನ ಫೋನ್ ಎತ್ತಲಿಲ್ಲ. ಎಲ್ಲ ಮುಗಿಯಿತು, ದಾರಿಯಲ್ಲಿ ಸಿಕ್ಕದ್ದು ದಾರಿಯಲ್ಲೇ ಹೋಯಿತು ಅಂತ ನಾನು ಅಂದುಕೊಂಡೆ. ಒಂದು ರಾತ್ರಿ ಅವನೇ ಫೋನ್ ಮಾಡಿದ. "ಎರಡು ಎಕರೆ ಲಾವಣಿಗೆ ಹಾಕಬೇಕಂತೀನಿ, ಗಿರಾಕಿ ನೋಡಿಕೊಡ್ತೀ ಏನು?" ಅಂದ. ಲಾವಣಿ ಅಂದರೆ ಹೊಲ ಗುತ್ತಿಗೆಗೆ ಕೊಡುವುದು. ಬಿದ್ದರೂ ಮೊದಲಿನಷ್ಟು ಆಳಕ್ಕೆ ಬೀಳಲಿಲ್ಲ ಅನ್ನುವುದಷ್ಟೇ ನಾನು ಧೈರ್ಯವಾಗಿ ಹೇಳಬಲ್ಲ ಮಾತು.

ಸಾಲ ತೀರಿಲ್ಲ. ನಾನು ಕೊನೆಯ ಸಲ ಕೇಳಿದಾಗ ಏಳು ಲಕ್ಷ ಚಿಲ್ಲರೆ ಇತ್ತು. ನಮ್ಮ ಜೊತೆ ನಡೆದ ಇಪ್ಪತ್ತಮೂರು ಜನರಲ್ಲಿ ಇಬ್ಬರು ರಾಯಚೂರಿನಿಂದಲೇ ವಾಪಸಾದರು. ಉಳಿದವರಲ್ಲಿ ಹಲವರು ಹೋದ ಹಾಗೇ ಬಂದರು, ಖುಷಿಯಾಗಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಬ್ಬ ಮನುಷ್ಯನಿಗೆ ಎಲ್ಲಿ ಗಂಟು ಬಿದ್ದಿದೆಯೋ ಅಲ್ಲಿಗೆ ದಾರಿ ಮುಟ್ಟಬೇಕು. ನಮ್ಮಣ್ಣನಿಗೆ ಮುಟ್ಟಿತು.

ಒಂದು ವಿಷಯ ಮಾತ್ರ ಖಂಡಿತ ಹೇಳಬೇಕು. ಮನೆಯಲ್ಲಿ ಯಾರಾದರೂ ಹೀಗೆ ಮಾತು ಬಿಟ್ಟು ಕೂತಿದ್ದರೆ ಯಾತ್ರೆಗೆ ಕಳಿಸಿದರೆ ಸರಿಹೋಗುತ್ತಾರೆ ಅಂತ ಕಾಯಬೇಡಿ. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಾನು ಅದನ್ನು ಮಾಡದೆ ಎರಡು ವರ್ಷ ಸುಮ್ನೆ ಕಳೆದೆ. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

2025ರ ಯುಗಾದಿಗೆ ಅವನು ನಡೆಯಲಿಲ್ಲ. ಕಂಬಿಯ ಟ್ರ್ಯಾಕ್ಟರಿನಲ್ಲಿ ಎರಡು ಚೀಲ ಜೋಳ ಹಾಕಿ, ನಂದಿಕೊಟ್ಕೂರು ದಾಟಿದ ಮೇಲೆ ಆ ಟೆಂಟಿನವರಿಗೆ ಕೊಡಿ ಅಂತ ಕಳಿಸಿದ. ನಮ್ಮವರು ಹುಡುಕಿದರು, ಆ ಟೆಂಟ್ ಆ ವರ್ಷ ಕಾಣಲಿಲ್ಲ. ಬೇರೆ ಯಾವುದೋ ದಾಸೋಹಕ್ಕೆ ಕೊಟ್ಟು ಬಂದರು. ಅವನಿಗೆ ಬೇಜಾರಾಗುತ್ತದೇನೋ ಅಂತ ಹೆದರುತ್ತಲೇ ಹೇಳಿದೆ. "ಅದೂ ಆಕೀದ ಟೆಂಟ್" ಅಂದ.

ಇನ್ನು ಮಗಳ ಮನೆ. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅಂದರೆ ನಾಗರ ಪಂಚಮಿ. 2024ರಲ್ಲಿ ಅದು ಆಗಸ್ಟ್ 9ಕ್ಕೆ ಇತ್ತು. ಅದಕ್ಕೆ ಎರಡು ದಿನ ಮುಂಚೆ ಅಣ್ಣ ಯಾರಿಗೂ ಹೇಳದೆ ಬಸ್ ಹತ್ತಿ ಮಗಳನ್ನು ಕರೆತರಲು ಹೋದ. ಸೀರೆ ಒಯ್ಯಲಿಲ್ಲ, ಒಯ್ಯುವ ಹಾಗೆ ಇರಲಿಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ಅವ್ವ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಅಷ್ಟೇ.

ಆ ರಾತ್ರಿ ಮಗಳು ನನಗೆ ಫೋನ್ ಮಾಡಿದಳು. ಮಾತಾಡಲು ಆಗುತ್ತಿರಲಿಲ್ಲ, ಅಳುತ್ತಿದ್ದಳು. ಏನಾಯಿತೋ ಅಂತ ನನಗೆ ಗಾಬರಿ. ಆಮೇಲೆ ಸಾವರಿಸಿಕೊಂಡು ಹೇಳಿದಳು: "ಕಾಕಾ, ಅಪ್ಪ ನಮ್ಮ ಮನ್ಯಾಗ ಉಂಡ್ರು. ನಮ್ಮತ್ತಿ ಕಡೆ, ಬೀಗರೇ ಇನ್ನೊಂದು ರೊಟ್ಟಿ ಹಾಕ್ರಿ ಅಂತ ಕೇಳಿ ಹಾಕಿಸಿಕೊಂಡ್ರು."